ಪಾಂಬನ್ನಿನ ಹಳೆಯ ಸೇತುವೆ

ನಮ್ಮ ತಾಯಿಯವರು ಬದುಕಿದ್ದಷ್ಟು ಕಾಲವೂ ವರ್ಷಕ್ಕೆ ಎರಡು ಮೂರು ಸಾರಿಯಾದರೂ ನನ್ನನ್ನು ಒಂದು ಮಾತು ಕೇಳುತ್ತಿದ್ದರು: "ರಾಮೇಶ್ವರದ ರೈಲಿನಲ್ಲಿ ಇನ್ನೊಂದು ಸಲ ಕರಕೊಂಡು ಹೋಗ್ತೀಯೇನೋ?" ದೇವರ ದರ್ಶನಕ್ಕಿಂತಲೂ ರೈಲಿನ ಮೇಲೆಯೇ ಆಕೆಗೆ ಆಸೆ ಹೆಚ್ಚಾಗಿತ್ತೆಂದರೆ ವಾಚಕರು ತಪ್ಪು ತಿಳಿಯಬಾರದು. 1947ರಲ್ಲಿ, ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ, ತಮ್ಮ ತಂದೆಯವರೊಡನೆ ಆಕೆ ಆ ಯಾತ್ರೆಯನ್ನು ಮಾಡಿದ್ದರು. ಪ್ರಯಾಣದ ಮಿಕ್ಕ ಸಂಗತಿಗಳೆಲ್ಲ ಮನಸ್ಸಿನಿಂದ ಮಾಸಿಹೋಗಿದ್ದುವು. ಆದರೆ ಮಂಟಪಂ ಸ್ಟೇಷನ್ನನ್ನು ಬಿಟ್ಟ ಮೇಲೆ ಗಾಡಿಯ ವೇಗ ತಗ್ಗಿ, ಚಕ್ರಗಳ ಸದ್ದು ಇದ್ದಕ್ಕಿದ್ದಂತೆ ಬೇರೆಯಾಗಿ, ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ನೆಲವೇ ಇಲ್ಲದೆ ಬರಿಯ ನೀರಾಗಿದ್ದುದು ಮಾತ್ರ ಎಂಬತ್ತು ವರ್ಷ ದಾಟಿದ ಮೇಲೂ ಆಕೆಗೆ ನಿನ್ನೆ ಕಂಡಂತೆ ನೆನಪಿತ್ತು. ನಮ್ಮ ತಾತನವರು ನಡುವೆ ತೂತಿದ್ದ ಒಂದು ಕಾಸನ್ನು ಆಕೆಯ ಕೈಗೆ ಕೊಟ್ಟು, ಸಮುದ್ರರಾಜನಿಗೆ ಹಾಕೆಂದರಂತೆ. ಕಾಸು ನೀರಿಗೆ ಬಿದ್ದುದು ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಗಾಡಿ ಹೋಗುತ್ತಿತ್ತಂತೆ. ಜಯನಗರದ ನಮ್ಮ ಮನೆಯ ಜಗಲಿಯಲ್ಲಿ ದೀಪ ಹಚ್ಚಿದ ಮೇಲೆ ಈ ಕಥೆಯನ್ನು ನಾನೂ ಕೇಳಿದೆನು, ನನ್ನ ಮಗಳೂ ಕೇಳಿದಳು, ಆಕೆಯ ಮಗನೂ ಕೇಳಿದನು.

"ಆಗಲಿ ಅಮ್ಮ, ಈ ಬೇಸಗೆಗೆ ಹೋಗೋಣ" ಎಂದು ನಾನೂ ಪ್ರತಿ ವರ್ಷವೂ ಹೇಳುತ್ತಿದ್ದೆನು. ಒಂದು ಬೇಸಗೆಗೆ ಪರೀಕ್ಷೆಯ ಉತ್ತರಪತ್ರಿಕೆಗಳು ಬಂದುವು. ಇನ್ನೊಂದಕ್ಕೆ ಮಗಳ ಮದುವೆ. ಆಮೇಲೆ ಮನೆಯ ಮಹಡಿಯನ್ನು ಕಟ್ಟಿಸುವುದು. ಅದೂ ಮುಗಿಯಿತೆನ್ನುವಷ್ಟರಲ್ಲಿ ಕೊರೋನಾ. ಪಾಠ ಹೇಳುವವನಿಗೆ ನೆವಗಳಿಗೆ ಎಂದೂ ಬರವಿಲ್ಲ. 2022ರ ಆಷಾಢದಲ್ಲಿ ತಾಯಿಯವರು ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ, ಸೇತುವೆಯ ತೆರೆಯುವ ಭಾಗದಲ್ಲಿ ದೋಷ ಕಂಡುಬಂದುದರಿಂದ ಅದರ ಮೇಲೆ ರೈಲು ನಿಂತುಹೋಯಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆನು. ನಿಂತ ರೈಲು ಆ ಹಳಿಗಳ ಮೇಲೆ ಮತ್ತೆ ಓಡಲಿಲ್ಲ.

ಕಡೆಗೆ ನಾನು ಹೊರಟದ್ದು 2025ರ ಮೇ ತಿಂಗಳಿನಲ್ಲಿ, ಕೆಲಸದಿಂದ ನಿವೃತ್ತನಾದ ಮೇಲೆ. ಅಳಿಯಂದಿರ ಮೋಟಾರು ಗಾಡಿ. ಅದರಲ್ಲಿ ಅವರು, ನನ್ನ ಮಗಳು, ಹತ್ತು ವರ್ಷದ ಮೊಮ್ಮಗ, ನಾನು, ನನ್ನ ಗೃಹಿಣಿ. ಸೂರ್ಯೋದಯಕ್ಕೆ ಮೊದಲೇ ಜಯನಗರವನ್ನು ಬಿಟ್ಟು, ಬಿ.ಟಿ.ಎಂ. ಬಡಾವಣೆಯ ಪಕ್ಕದಿಂದ ಸಿಲ್ಕ್ ಬೋರ್ಡನ್ನು ದಾಟಿದೆವು. ಆ ಹೊತ್ತಿನಲ್ಲಲ್ಲದೆ ಬೇರೆ ಯಾವ ಹೊತ್ತಿನಲ್ಲಿ ಸಿಲ್ಕ್ ಬೋರ್ಡನ್ನು ದಾಟಿದೆವೆಂದರೂ ನಮ್ಮ ಕಡೆಯವರು ನಂಬಲಾರರು. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್. ದಾರಿ ಅಗಲವಾಗಿ ಚೆನ್ನಾಗಿದೆ, ಹೇಳಬೇಕಾದುದು ಹೆಚ್ಚೇನೂ ಇಲ್ಲ. ಕರೂರಿಗೆ ಮುಂಚೆ ಒಂದು ದೊಡ್ಡ ನದಿ ಬಂದಾಗ, "ಇದು ನಮ್ಮ ಮನೆಯ ನಲ್ಲಿಯಲ್ಲಿ ಬರುವ ಕಾವೇರಿಯೇ ಕಣೋ" ಎಂದೆನು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾವು ಕುಡಿದು ಮಿಕ್ಕಿದ್ದಾ ತಾತ?" ಎಂದನು. ಎರಡು ರಾಜ್ಯಗಳ ವಕೀಲರು ನೂರು ವರ್ಷ ವಾದಿಸಿದ ವಿಷಯಕ್ಕೆ ನಾನೇನು ಉತ್ತರ ಹೇಳಲಿ?

ಮಧುರೆಯಲ್ಲಿ ರಾತ್ರಿ ಕಳೆದು, ಮರುದಿನ ರಾಮನಾಥಪುರ, ಮಂಟಪಂಗಳ ಮಾರ್ಗವಾಗಿ ಸಮುದ್ರದ ಅಂಚಿಗೆ ಬಂದೆವು. ಭಾರತದ ನೆಲ ಮುಗಿದು ರಾಮೇಶ್ವರದ ದ್ವೀಪ ಆರಂಭವಾಗುವುದಕ್ಕೆ ನಡುವೆ ಇರುವ ಜಲಸಂಧಿಯೇ ಪಾಂಬನ್. ತಮಿಳಿನ ಪಾಂಬು ಎಂದರೆ ಹಾವು. ನಮ್ಮ ಹಳಗನ್ನಡದ ಪಾವು ಅದರ ಒಡಹುಟ್ಟು. ವಾಹನಗಳಿಗಾಗಿ ಕಟ್ಟಿದ ಕಾಂಕ್ರೀಟಿನ ಸೇತುವೆಯನ್ನು 1988ರ ಅಕ್ಟೋಬರ್ 2ರಂದು ರಾಜೀವ ಗಾಂಧಿಯವರು ತೆರೆದರು. ಅದಕ್ಕೆ ಮುಂಚೆ ಎಪ್ಪತ್ತನಾಲ್ಕು ವರ್ಷ ಕಾಲ, ದೋಣಿ ಹತ್ತಲು ಮನಸ್ಸಿಲ್ಲದವನಿಗೆ ರಾಮೇಶ್ವರಕ್ಕೆ ಇದ್ದ ದಾರಿ ಒಂದೇ: ಕಬ್ಬಿಣದ ಸೇತುವೆಯ ಮೇಲಿನ ರೈಲು.

ಅಳಿಯಂದಿರು ಗಾಡಿಯನ್ನು ದಡದಲ್ಲಿ ನಿಲ್ಲಿಸಿದರು. ನಾವು ಕಾಲುದಾರಿಯಲ್ಲಿ ನಡೆದು ಸೇತುವೆಯ ಎತ್ತರದ ಭಾಗಕ್ಕೆ ಹೋಗಿ ಕೆಳಗೆ ನೋಡಿದೆವು. ಗಾಳಿ ಮೈಮೇಲಿನ ಉತ್ತರೀಯವನ್ನು ಕಿತ್ತುಕೊಂಡು ಹೋಗುವಂತಿತ್ತು. ಕೆಳಗೆ ಹಸುರೂ ನೀಲಿಯೂ ಬೆರೆತ ನೀರಿನ ಮೇಲೆ ಎರಡು ರೈಲು ಸೇತುವೆಗಳು ಪಕ್ಕಪಕ್ಕದಲ್ಲಿ ಮಲಗಿದ್ದುವು. ಒಂದು ಹೊಸದು, ಒಂದು ತಿಂಗಳ ಹಿಂದೆ, ಏಪ್ರಿಲ್ 6ರ ಶ್ರೀರಾಮನವಮಿಯ ದಿನ ಉದ್ಘಾಟನೆಯಾದದ್ದು. ಇನ್ನೊಂದು ನಮ್ಮ ತಾಯಿಯವರದು.

ವಾಚಕರು ಅದನ್ನು ದೊಡ್ಡ ಆಡಂಬರದ ಕಟ್ಟಡವೆಂದು ಭಾವಿಸಬಾರದು. ಹೌರಾ ಸೇತುವೆಯಂತೆ ಆಕಾಶಕ್ಕೆ ಏರಿದ ಕಬ್ಬಿಣದ ಕಾಡು ಅದಲ್ಲ. ನೀರಿನಿಂದ ಸ್ವಲ್ಪವೇ ಮೇಲೆ, ಗಿಡ್ಡ ಕಂಬಗಳ ಮೇಲೆ, ಗರ್ಡರುಗಳನ್ನು ಒಂದರ ಮುಂದೊಂದು ಇಟ್ಟುಕೊಂಡು ಹೋಗಿದ್ದಾರೆ, ಅಷ್ಟೇ. ಆದರೆ ಅವು 145. ಉದ್ದ 2 ಕಿಲೋಮೀಟರಿಗೂ ಮಿಕ್ಕಿದೆ. 1911ರಲ್ಲಿ ಕೆಲಸ ಆರಂಭವಾಗಿ 1914ರ ಫೆಬ್ರವರಿ 24ರಂದು ಗಾಡಿಗಳ ಓಡಾಟಕ್ಕೆ ತೆರೆಯಿತು. ಆಗಿನ ಸರಕಾರದವರ ಲಕ್ಷ್ಯವಿದ್ದುದು ರಾಮೇಶ್ವರದ ಯಾತ್ರಿಕರ ಮೇಲಲ್ಲ, ಸಿಂಹಳದ ವ್ಯಾಪಾರದ ಮೇಲೆ. ಮದರಾಸಿನಿಂದ ಹೊರಟ 'ಬೋಟ್ ಮೇಲ್' ಈ ಸೇತುವೆಯನ್ನು ದಾಟಿ ಧನುಷ್ಕೋಡಿಗೆ ಹೋಗುವುದು. ಅಲ್ಲಿ ಹಬೆಯ ಹಡಗನ್ನು ಹತ್ತಿದರೆ ಆಚೆ ತಲೈಮನ್ನಾರ್. ಅಲ್ಲಿಂದ ಮತ್ತೆ ರೈಲು, ಕೊಲಂಬೋವರೆಗೆ.

ಈ ಸೇತುವೆಯ ವಿಶೇಷವೆಲ್ಲ ನಡುವಿನ ಒಂದು ಕಣ್ಣಿನಲ್ಲಿದೆ. ರೈಲಿಗೆ ದಾರಿ ಮಾಡಿದರೆ ಹಡಗಿನ ದಾರಿಯನ್ನು ಕಟ್ಟಿದಂತಾಯಿತಷ್ಟೆ? ಆದುದರಿಂದ ಹಡಗು ಬಂದಾಗ ಆ ಕಣ್ಣು ತೆರೆಯಬೇಕು. ಚಿಕಾಗೋ ನಗರದ ವಿಲಿಯಂ ಶೆರ್ಜರ್ ಎಂಬ ಇಂಜಿನಿಯರು ಇದಕ್ಕೊಂದು ಉಪಾಯವನ್ನು ಕಂಡುಹಿಡಿದಿದ್ದನು. ನಮ್ಮ ಹಳ್ಳಿಗಳ ಏತವನ್ನು ನೋಡಿದವರಿಗೆ ಅದನ್ನು ತಿಳಿಸುವುದು ಸುಲಭ. ಏತದ ಮರದ ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ಭಾರವು ಸಮನಾಗಿದ್ದರೆ ಹುಡುಗನೂ ಬಾನಿಯನ್ನು ಎತ್ತಬಲ್ಲನು. ಇಲ್ಲಿಯೂ ಹಾಗೆಯೇ. ನಡುವಿನ ಕಣ್ಣಿಗೆ ಎರಡು ರೆಕ್ಕೆಗಳು; ಒಂದೊಂದರ ತೂಕ 415 ಟನ್ನೆಂದು ಲೆಕ್ಕ. ರೆಕ್ಕೆಯ ಬುಡದಲ್ಲಿ ಅದರ ತೂಕವನ್ನು ತೂಗುವ ಎದುರು ಭಾರ. ಆದರೆ ಏತಕ್ಕೆ ಒಂದು ಕೀಲುಂಟು. ಶೆರ್ಜರನು ಆ ಕೀಲನ್ನೇ ತೆಗೆದುಹಾಕಿ, ರೆಕ್ಕೆಯ ಬುಡವನ್ನು ಗಾಡಿಯ ಚಕ್ರದ ತುಂಡಿನಂತೆ ದುಂಡಗೆ ಮಾಡಿದನು. ತೂಗುಕುರ್ಚಿಯು ಹಿಂದಕ್ಕೆ ಉರುಳಿದಾಗ ಕುಳಿತವನ ಕಾಲು ಮೇಲೇಳುವುದಲ್ಲವೆ? ಹಾಗೆ ಬುಡ ಹಿಂದಕ್ಕೆ ಉರುಳುತ್ತದೆ, ರೆಕ್ಕೆ ಮೇಲೇಳುತ್ತದೆ. ಇದರ ಭಾಗಗಳನ್ನು ಇಂಗ್ಲೆಂಡಿನ ಹೆಡ್ ರೈಟ್ಸನ್ ಕಂಪನಿಯವರು ಮಾಡಿ ಕಳುಹಿಸಿದರು. ನೂರು ವರ್ಷ ಕಾಲ ಅದನ್ನು ತೆರೆದು ಮುಚ್ಚಿದ್ದು ಹಬೆಯೂ ಅಲ್ಲ, ವಿದ್ಯುತ್ತೂ ಅಲ್ಲ. ಗಾಣಕ್ಕೆ ಕಟ್ಟಿದ ಎತ್ತು ಸುತ್ತುವಂತೆ, ಸನ್ನೆಗೋಲು ಹಿಡಿದು ಸುತ್ತಿದ ಮನುಷ್ಯರು.

ಶೆರ್ಜರನು ಇದನ್ನು ನೋಡಲಿಲ್ಲ. ತನ್ನ ಮಾದರಿಯ ಒಂದು ಸೇತುವೆಯಾದರೂ ಎದ್ದು ನಿಲ್ಲುವುದಕ್ಕೆ ಮೊದಲೇ, 1893ರಲ್ಲಿ, ಅವನು ತೀರಿಕೊಂಡನು.

ದಡದ ಚಹದಂಗಡಿಯಲ್ಲಿ ಒಬ್ಬ ಮುದುಕರಿದ್ದರು. ನನ್ನ ತಮಿಳು ಮುಕ್ಕಾಲು ಪಾಲು ಕನ್ನಡವೇ ಆದರೂ ಅವರು ಸಹಿಸಿಕೊಂಡರು. 1964ರ ಮಾತು ಬಂದ ಕೂಡಲೇ ಲೋಟವನ್ನು ಕೆಳಗಿಟ್ಟರು. ಆಗ ಅವರು ಹುಡುಗ. ಆ ವರ್ಷದ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಎದ್ದು ಧನುಷ್ಕೋಡಿಯನ್ನು ಊರಿಗೆ ಊರೇ ಅಳಿಸಿಹಾಕಿತು. ಪಾಂಬನ್ನಿನಿಂದ ಹೊರಟ ಪ್ಯಾಸೆಂಜರು ಗಾಡಿ ಧನುಷ್ಕೋಡಿಯನ್ನು ಸೇರುವುದಕ್ಕೆ ಸ್ವಲ್ಪ ಮುಂಚೆ ಅಲೆಗೆ ಸಿಕ್ಕಿತು; ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. ಸೇತುವೆಯ 145 ಗರ್ಡರುಗಳಲ್ಲಿ 126 ಕೊಚ್ಚಿಹೋದುವು. ಆದರೆ ನಡುವಿನ ಶೆರ್ಜರನ ಕಣ್ಣು, ಎಲ್ಲಕ್ಕಿಂತ ಜಟಿಲವಾದದ್ದು, ಎಲ್ಲಕ್ಕಿಂತ ಮೊದಲು ಕೆಡಬೇಕಾಗಿದ್ದದ್ದು, ಹಾಗೆಯೇ ನಿಂತಿತ್ತು.

ರೈಲ್ವೆಯವರು ಆರು ತಿಂಗಳಿನಲ್ಲಿ ದುರಸ್ತಿಯಾಗಬೇಕೆಂದರು. ಮೇಲಿನ ಅಧಿಕಾರಿಗಳು ಅದನ್ನು ಮೂರಕ್ಕೆ ಇಳಿಸಿದರು. ಕೆಲಸವನ್ನು ಮೂವತ್ತೆರಡು ವರ್ಷದ ಒಬ್ಬ ಇಂಜಿನಿಯರಿಗೆ ವಹಿಸಿದರು. ಅವರೇ ಇ. ಶ್ರೀಧರನ್. ಹೊಸ ಗರ್ಡರುಗಳನ್ನು ದೂರದ ಕಾರ್ಖಾನೆಗಳಿಂದ ತರಿಸುವುದಕ್ಕೆ ಕಾಲವೆಲ್ಲಿ? ಸಮುದ್ರದಲ್ಲಿ ಮುಳುಗಿದ್ದ ಹಳೆಯವನ್ನೇ ಹುಡುಕಿ, ಎತ್ತಿ, ಕಂಬಗಳ ಮೇಲೆ ಮತ್ತೆ ಕೂಡಿಸಿದರು. 46 ದಿನಗಳಲ್ಲಿ ಸೇತುವೆ ಸಿದ್ಧವಾಯಿತು. ರೈಲ್ವೆ ಇಲಾಖೆಯವರು ಅವರಿಗೆ ಕೊಟ್ಟ ಬಹುಮಾನ 1000 ರೂಪಾಯಿ. ಇದೇ ಶ್ರೀಧರನ್ನರು ಮುಂದೆ ಕೊಂಕಣ ರೈಲ್ವೆಯನ್ನು ಕಟ್ಟಿಸಿದರು. ನಮ್ಮ ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ, ಪಾಂಬನ್ನಿನಷ್ಟೇ ಉದ್ದವಾದ ರೈಲು ಸೇತುವೆ ಆ ಮಾರ್ಗದಲ್ಲಿಯೇ ಇರುವುದು. ಪಾಂಬನ್ ಎದ್ದು ನಿಂತಿತು; ಧನುಷ್ಕೋಡಿಯ ಹಳಿಗಳು ಮಾತ್ರ ಏಳಲಿಲ್ಲ. ಆಮೇಲೆ ರೈಲಿನ ಕೊನೆಯ ಊರು ರಾಮೇಶ್ವರವೇ ಆಯಿತು.

ಇಷ್ಟು ಕೇಳಿ ಹಿಂತಿರುಗುವಾಗ ಅಳಿಯಂದಿರಿಗೂ ನನಗೂ ಸ್ವಲ್ಪ ವಾದವಾಯಿತು. ಹಳೆಯ ಸೇತುವೆಯನ್ನು ಕಳಚಿಹಾಕುವುದೆಂದು ರೈಲ್ವೆಯವರು ನಿಶ್ಚಯಿಸಿರುವರೆಂದು ಅವರು ಹೇಳಿದುದಕ್ಕೆ, "ನೂರ ಹತ್ತು ವರ್ಷ ದುಡಿದದ್ದನ್ನು ಹಳೆಯ ಪಾತ್ರೆಯಂತೆ ತೂಕಕ್ಕೆ ಹಾಕುವರೇ?" ಎಂದು ನಾನು ಬಿರುಸಾಗಿಯೇ ಕೇಳಿದೆನು. ಅವರು ಇಂಜಿನಿಯರಿಂಗ್ ಓದಿದವರು; ಮಾವನೆಂಬ ಗೌರವವನ್ನು ಬಿಡದೆ, ಆದರೆ ಮಾತನ್ನೂ ಬಿಡದೆ ಉತ್ತರ ಕೊಟ್ಟರು. "ಮಾವ, ಈ ಗಾಳಿಯಲ್ಲಿ ಉಪ್ಪಿದೆ. ಪ್ರಪಂಚದಲ್ಲಿ ಕಬ್ಬಿಣ ಬಹು ಬೇಗ ತುಕ್ಕು ಹಿಡಿಯೋ ಜಾಗಗಳಲ್ಲಿ ಇದೂ ಒಂದು ಅಂತಾರೆ. ಬಣ್ಣ ಬಳಿಯೋದನ್ನ ನಿಲ್ಲಿಸಿದರೆ ಸಮುದ್ರವೇ ಅದನ್ನ ಕಳಚಿಹಾಕುತ್ತೆ. ಆಗ ಬಿದ್ದ ಕಬ್ಬಿಣ ಹೊಸ ಸೇತುವೆಯ ಕಾಲಿಗೇ ಬಂದು ಬಡಿಯುತ್ತೆ."

ಮಾತಿನಲ್ಲಿ ಸತ್ಯವಿತ್ತು. ಜಯನಗರದ ಮನೆಯ ಕಿಟಕಿಯ ಸರಳುಗಳಿಗೆ ನಮ್ಮ ತಂದೆಯವರು ಬಳಿಸಿದ ಬಣ್ಣ ನನ್ನ ಕಾಲದವರೆಗೂ ಬಂತು. ಬೆಂಗಳೂರಿನ ಹವೆಗೆ ಅಷ್ಟು ದಾಕ್ಷಿಣ್ಯವುಂಟು. ಇಲ್ಲಿ ಹಾಗಲ್ಲ. ಉಪ್ಪಿನ ತೇವ ಕಬ್ಬಿಣದ ಮೇಲೆ ಕುಳಿತರೆ ಬಿಸಿಲಿನಲ್ಲಿಯೂ ಪೂರ್ತಿ ಆರುವುದಿಲ್ಲ. ಆರದ ತೇವದಿಂದ ತುಕ್ಕು, ತುಕ್ಕು ಉದುರಿದಲ್ಲಿ ಮತ್ತೆ ತೇವ. ಸೇತುವೆಯ ಈ ತುದಿಯಿಂದ ಆ ತುದಿಗೆ ಬಣ್ಣ ಬಳಿಯುವುದು ಎಂದೂ ಮುಗಿಯದ ಕೆಲಸ. ಇದಲ್ಲದೆ ಮೀಟರ್ ಗೇಜಿನ ಹಗುರವಾದ ಗಾಡಿಗಳಿಗಾಗಿ ಕಟ್ಟಿದ ಸೇತುವೆಯ ಮೇಲೆ 2007ರಲ್ಲಿ ಬ್ರಾಡ್ ಗೇಜಿನ ಹಳಿ ಹಾಕಿ ದೊಡ್ಡ ಗಾಡಿಗಳನ್ನು ಓಡಿಸಿದರು. ತೊಂಬತ್ತು ದಾಟಿದ ಮೇಲೆ ಹೊರೆಯನ್ನು ಹೆಚ್ಚಿಸಿದರೂ ಅದು ಇನ್ನೂ ಹದಿನೈದು ವರ್ಷ ಹೊತ್ತಿತು.

ಆ ರಾತ್ರಿ ನಾನು ಯೋಚಿಸಿದುದು ಇಷ್ಟು. ನಾವು ಹಳೆಯದೆನ್ನುವ ಆ ಸೇತುವೆಯಲ್ಲಿ 1914ರದು ಎಷ್ಟು ಉಳಿದಿತ್ತು? ಗರ್ಡರುಗಳು ಸಮುದ್ರಕ್ಕೆ ಬಿದ್ದು ಎದ್ದುವು. ಹಳಿಗಳು ಬದಲಾದುವು. ನಮ್ಮೂರ ತೇರಿಗೆ ಒಂದು ವರ್ಷ ಅಚ್ಚು ಹೊಸದು, ಇನ್ನೊಂದು ವರ್ಷ ಗಾಲಿ ಹೊಸದು. ಆದರೂ ಅದು ತಾತಂದಿರ ಕಾಲದ ತೇರೇ. ಸಂಸ್ಕೃತದಲ್ಲಿ ಸೇತು ಎಂಬ ಶಬ್ದ ಕಟ್ಟುವುದೆಂಬ ಅರ್ಥದ 'ಸಿ' ಎಂಬ ಧಾತುವಿನಿಂದ ಹುಟ್ಟಿದ್ದು. ಯಾವ ಉಣಾದಿ ಸೂತ್ರವು ಸೇತುವನ್ನು ಸಾಧಿಸುವುದೋ ಅದೇ ಸೂತ್ರವೇ ನೂಲೆಂಬ ತಂತುವನ್ನೂ, ಲೋಹವೆಂದೂ ಅರ್ಥವಾಗುವ ಧಾತುವನ್ನೂ ಸಾಧಿಸುತ್ತದೆ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಕಬ್ಬಿಣ, ಕಟ್ಟು, ನೂಲು ಮೂರೂ ಒಂದೆಡೆ ಕೂಡಿದ್ದನ್ನು ನೋಡಿದ್ದು ಅಂದೇ. ಕಟ್ಟಿದ್ದನ್ನು ಬಿಚ್ಚಬಾರದೆಂದು ಯಾರೂ ಹೇಳಿಲ್ಲ. ವಿಭೀಷಣನ ಪ್ರಾರ್ಥನೆಯಂತೆ ಶ್ರೀರಾಮನೇ ಬಿಲ್ಲಿನ ಕೊಪ್ಪಿನಿಂದ ತಾನು ಕಟ್ಟಿಸಿದ ಸೇತುವನ್ನು ಮುರಿದನೆಂದು ಧನುಷ್ಕೋಡಿಯ ಸ್ಥಳಪುರಾಣ. ಆದುದರಿಂದ ಬೆಳಗ್ಗೆ ಅಳಿಯಂದಿರಿಗೆ ಅರ್ಧ ಸೋತೆನೆಂದು ಒಪ್ಪಿಕೊಂಡೆನು: ಗರ್ಡರುಗಳನ್ನು ಬೇಕಾದರೆ ಒಯ್ಯಲಿ, ಆದರೆ ಚಂಡಮಾರುತಕ್ಕೆ ಜಗ್ಗದ ಆ ಎರಡು ರೆಕ್ಕೆಗಳನ್ನು ಮಾತ್ರ ದಡಕ್ಕೆ ತಂದು, ಶಾಲೆಯ ಮಕ್ಕಳು ಮುಟ್ಟಿ ನೋಡುವಂತೆ ನಿಲ್ಲಿಸಬೇಕು. ಅವರು ನಕ್ಕು, "ಅದಕ್ಕೆ ನಾನೂ ಸಹಿ ಹಾಕ್ತೀನಿ ಮಾವ" ಎಂದರು.

ಸ್ವಾಮಿಯ ದರ್ಶನವನ್ನೂ ಇಪ್ಪತ್ತೆರಡು ತೀರ್ಥಗಳ ಸ್ನಾನವನ್ನೂ ಕುರಿತು ಬರೆದವರು ಬಹಳ ಮಂದಿ ಇರುವುದರಿಂದ ನಾನು ಬರೆಯುವುದಿಲ್ಲ. ಧನುಷ್ಕೋಡಿಯಲ್ಲಿ ಮರಳಿನ ನಡುವೆ ಸ್ಟೇಷನ್ನಿನ ಮುರುಕು ಗೋಡೆಗಳಿವೆ. ಮೊಮ್ಮಗನು ಅಲ್ಲಿ ಗಲಾಟೆ ಮಾಡದೆ ನನ್ನ ಕೈ ಹಿಡಿದುಕೊಂಡನು. ಯುದ್ಧದ ದಿನಗಳಲ್ಲಿ ರಾಮೇಶ್ವರದಲ್ಲಿ ಗಾಡಿ ನಿಲ್ಲುವುದು ತಪ್ಪಿದಾಗ, ಓಡುವ ಗಾಡಿಯಿಂದ ಎಸೆದ ಪತ್ರಿಕೆಯ ಕಟ್ಟುಗಳನ್ನು ಆಯ್ದು ಮನೆಮನೆಗೆ ಹಂಚಿದ ಹುಡುಗನೇ ಮುಂದೆ ರಾಷ್ಟ್ರಪತಿಯಾದ ಅಬ್ದುಲ್ ಕಲಾಮರೆಂದು ಅವನಿಗೆ ಹೇಳಿದೆನು. "ನಮ್ಮ ಮನೆಗೆ ಪೇಪರ್ ಹಾಕೋ ಅಣ್ಣನಿಗೂ ಹೇಳ್ತೀನಿ" ಎಂದನು.

ಹಿಂತಿರುಗುವ ದಿನ ಅಳಿಯಂದಿರೂ ಮಗಳೂ ಗಾಡಿಯಲ್ಲಿ ಮುಂದೆ ಹೋದರು. ನಾನೂ ಗೃಹಿಣಿಯೂ ಮೊಮ್ಮಗನೂ ರಾಮೇಶ್ವರದಲ್ಲಿ ಬೆಳಗಿನ ಪ್ಯಾಸೆಂಜರು ರೈಲನ್ನು ಹತ್ತಿದೆವು. ರಾಮನಾಥಪುರದಲ್ಲಿ ಇಳಿದು ಅವರನ್ನು ಕೂಡಿಕೊಳ್ಳುವುದೆಂದು ಏರ್ಪಾಡು. ಹೊರಡುವ ಮುನ್ನ ಆಕೆ ನನ್ನ ಅಂಗಿಯ ಜೇಬಿಗೆ ಏನನ್ನೋ ಹಾಕಿದಳು. ತೆಗೆದು ನೋಡಿದರೆ ನಡುವೆ ತೂತಿದ್ದ ಕಾಸು, 1944ರ ಮುದ್ರೆ. ನಮ್ಮ ತಾಯಿಯವರ ಕುಂಕುಮದ ಭರಣಿಯಲ್ಲಿತ್ತಂತೆ. ಅದನ್ನು ಮೂರು ವರ್ಷ ನನಗೆ ಹೇಳದೆ ಇಟ್ಟಿದ್ದಳು. "ನೀವು ಹೊರಡೋವರೆಗೂ ಯಾಕೆ ಹೇಳಬೇಕು ಅಂತ ಸುಮ್ಮನಿದ್ದೆ ರೀ" ಎಂದಳು. ನನ್ನ ನೆವಗಳ ಲೆಕ್ಕವನ್ನು ಇನ್ನೊಬ್ಬರೂ ಇಟ್ಟಿದ್ದರೆಂದು ಆಗ ತಿಳಿಯಿತು.

ಪಾಂಬನ್ ಸ್ಟೇಷನ್ನನ್ನು ಬಿಟ್ಟಿತು. ಹಳೆಯ ಸೇತುವೆ ಕಾಣುವ ಕಡೆಯ ಕಿಟಕಿಯಲ್ಲಿ ನಾನೂ ಹುಡುಗನೂ ಕುಳಿತೆವು. ಅದರ ಕಣ್ಣುಗಳನ್ನೆಲ್ಲ ಎಣಿಸುವೆನೆಂದು ಅವನ ಪ್ರತಿಜ್ಞೆ. ಹಳೆಯ ಸೇತುವೆಯ ಮೇಲೆ ಗಾಡಿಗಳು ಗಂಟೆಗೆ ಹತ್ತು ಹದಿನೈದು ಕಿಲೋಮೀಟರಿನ ವೇಗದಲ್ಲಿ ತೆವಳುತ್ತಿದ್ದುವು. ಗಾಳಿ ಜೋರಾದರೆ ಅದೂ ಇಲ್ಲ, ದಡದಲ್ಲಿಯೇ ಕಾಯಬೇಕು. ಹೊಸದರಲ್ಲಿ ಅಂಥ ಸಂಕೋಚವಿಲ್ಲ. ಅದರ ನಡುವಿನ ಕಣ್ಣು 72.5 ಮೀಟರು ಉದ್ದ. ಬಾವಿಯಿಂದ ಕೊಡವನ್ನು ಸೇದಿದಂತೆ ಇಡಿಯ ಭಾಗವೇ ವಿದ್ಯುತ್ತಿನ ಬಲದಿಂದ ನೆಟ್ಟಗೆ 17 ಮೀಟರು ಮೇಲೇಳುವುದು. ಚಕ್ರಗಳ ಸದ್ದು ಬೇರೆಯಾಯಿತೇ ಎಂದು ಕಿವಿಗೊಟ್ಟೆನು. ಸ್ವಲ್ಪ ಬೇರೆಯಾಯಿತು. ಕೆಳಗೆ ನೀರು; ಪಕ್ಕದಲ್ಲಿ ಆ ತುಕ್ಕಿನ ಕಂಬಗಳು ಒಂದೊಂದಾಗಿ ಹಿಂದಕ್ಕೆ ಸರಿಯತೊಡಗಿದುವು. ಒಂದು ಕಂಬದ ಮೇಲೆ ಒಂದು ಕಡಲಹಕ್ಕಿ ಕುಳಿತಿತ್ತು.

"ಎಪ್ಪತ್ತೊಂದು, ಎಪ್ಪತ್ತೆರಡು... ತಾತ, ಬೇಗ ಹೋಗ್ತಿದೆ, ತಪ್ಪಿಹೋಯ್ತು!" ಎಂದು ಹುಡುಗನು ಕೂಗಿದನು. ಅವನ ಕೂಗಿಗೆ ನಾನು ಎಚ್ಚೆತ್ತೆನು. ಕಾಸು ಇನ್ನೂ ಕೈಯಲ್ಲಿಯೇ ಇತ್ತು. ಕಿಟಕಿಯ ಸರಳುಗಳ ಸಂದಿಯಿಂದ ಕೈಯನ್ನು ಚಾಚಿ, ಬೆರಳುಗಳನ್ನು ಬಿಟ್ಟೆನು. ಗಾಳಿ ಅದನ್ನು ಹಿಂದಕ್ಕೆ ಒಯ್ದಿತು. ನೀರಿಗೆ ಬಿತ್ತೋ, ಹೊಸ ಸೇತುವೆಯ ಮೇಲೆಯೇ ಉಳಿಯಿತೋ, ಕಾಣಲಿಲ್ಲ.

"ಬಿತ್ತಾ?" ಎಂದು ಗೃಹಿಣಿ ಎದುರಿನ ಸೀಟಿನಿಂದ ಕೇಳಿದಳು.

"ಬಿತ್ತು" ಎಂದೆನು.